ಸೆರೆಬ್ರಲ್ ಪಾಲ್ಸಿ ಮಕ್ಕಳ ಕೈಗೆ ಕ್ಯಾಮೆರಾ ಆಟ ಬೇಕಾ?

ಪರ

ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ; ಕೈಕಾಲಿನ ಹಿಡಿತ ತಪ್ಪುವುದು ಅದರಿಂದ. ಒಂದು ಕೈ ಬಿಗಿದುಕೊಂಡ ಮಗು ಎಲ್ಲವನ್ನೂ ಇನ್ನೊಂದರಲ್ಲೇ ಮುಗಿಸುತ್ತದೆ. ಬಳಸದ ಕೈ ಇನ್ನೂ ಹಿಂದೆ ಬೀಳುತ್ತದೆ. ಅದನ್ನು ದಿನಾ ಮತ್ತೆ ಮತ್ತೆ ಆಡಿಸಬೇಕು. ಸುಮ್ನೆ "ಕೈ ಎತ್ತು, ಇಳಿಸು" ಅಂದರೆ ಆರು ವರ್ಷದ ಮಗು ಎಷ್ಟು ಹೊತ್ತು ಕೇಳೀತು? ಕ್ಯಾಮೆರಾ ಆಟದಲ್ಲಿ ಮಗುವಿನ ಕೈ ಆಡುವುದನ್ನು ಕ್ಯಾಮೆರಾ ನೋಡಿ ಪರದೆಗೆ ತರುತ್ತದೆ. ಅಲ್ಲಿನ ಬಲೂನು ಒಡೆಯಬೇಕೆಂದರೆ ಮಗು ತಾನಾಗಿಯೇ ಕೈ ಚಾಚುತ್ತದೆ.

2010ರಲ್ಲಿ ಬಂದ ಕಿನೆಕ್ಟ್ ಕ್ಯಾಮೆರಾದಲ್ಲಿ ಆಡಲು ರಿಮೋಟ್ ಹಿಡಿಯಬೇಕಿರಲಿಲ್ಲ. ಮುಷ್ಟಿ ಬಿಡಿಸಲಾಗದ ಮಕ್ಕಳಿಗೆ ಅದೇ ದೊಡ್ಡ ಉಪಕಾರ. 2013ರ ಲೀಪ್ ಮೋಷನ್ ಎಂಬ ಪುಟ್ಟ ಸಾಧನ ಬೆರಳುಗಳನ್ನೂ ಗುರುತಿಸಿತು. ಈಗ ಮಾಮೂಲಿ ಲ್ಯಾಪ್‌ಟಾಪ್ ಕ್ಯಾಮೆರಾದಲ್ಲೂ ಇಂಥ ಆಟ ನಡೆಯುತ್ತದೆ.

ನಮ್ಮ ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ ಬೇಕು. ಬಿರುನಾಣಿ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಯಿಂದ ಮಡಿಕೇರಿಗೆ ಮಗುವನ್ನು ಎತ್ತಿಕೊಂಡು ಬಂದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಕಾಫಿ ಕುಯ್ಲಿನ ಹೊತ್ತಲ್ಲಂತೂ ಕೇಳಲೇಬೇಡಿ. ಮನೆಯಲ್ಲೇ ಆಡಿದರೆ ಮೊಣಕೈ ಎಷ್ಟು ನೆಟ್ಟಗಾಯಿತು ಅನ್ನುವುದು ದಾಖಲಾಗಿ ಥೆರಪಿಸ್ಟ್‌ಗೆ ತಲುಪುತ್ತದೆ.

ವಿರೋಧ

ಕೂಲಿಯ ಮಾತು ನಿಜ. ಆದರೆ ಬಲೂನಿಗೆ ತೂಕವಿಲ್ಲ. ಲೋಟ ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದನ್ನು ಕ್ಯಾಮೆರಾ ಕಲಿಸಲಾರದು. ಮಕ್ಕಳೂ ಜಾಣರು: ಕೈ ಚಾಚುವ ಬದಲು ಮೈಯನ್ನೇ ಬಾಗಿಸುತ್ತಾರೆ, ಭುಜ ಎತ್ತುತ್ತಾರೆ. ಎಷ್ಟೋ ಆಟಗಳು ಅದಕ್ಕೂ ಪಾಯಿಂಟ್ ಕೊಡುತ್ತವೆ! ಪಕ್ಕದಲ್ಲಿ ಕೂತ ಥೆರಪಿಸ್ಟ್ ಆದರೆ ತಕ್ಷಣ ತಡೆಯುತ್ತಾರೆ. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿದ್ದರೆ ಕ್ಯಾಮೆರಾಗೆ ಅದು ಸರಿಯಾಗಿ ಕಾಣುವುದೂ ಇಲ್ಲ.

ಕಿನೆಕ್ಟ್ ತಯಾರಿಕೆಯನ್ನು ಮೈಕ್ರೋಸಾಫ್ಟ್ 2017ರಲ್ಲಿ ನಿಲ್ಲಿಸಿತು. ಅದನ್ನೇ ನಂಬಿದ್ದವರ ಗತಿ? ಜುಲೈ ಮಳೆಗೆ ಕರೆಂಟೇ ಇಲ್ಲದ ನಮ್ಮಲ್ಲಿ ಲ್ಯಾಪ್‌ಟಾಪ್ ಆಟದ ಮಾತು ಬೇರೆ.

ಒಳ್ಳೆಯ ಕೈಗೆ ಕೆಲವು ಹೊತ್ತು ಚೀಲ ಹಾಕಿ ಇನ್ನೊಂದರಿಂದ ಕೆಲಸ ಮಾಡಿಸುವುದು, ಎರಡೂ ಕೈ ಬೇಕಾಗುವ ಕೆಲಸ ಕೊಡುವುದು: ಬಲವಾದ ಪುರಾವೆ ಇರುವುದು ಈ ಚಿಕಿತ್ಸೆಗಳಿಗೆ. ಥೆರಪಿಸ್ಟ್ ಹೇಳಿಕೊಟ್ಟರೆ ಅಡುಗೆಮನೆಯಲ್ಲೇ ನಡೆಯುತ್ತದೆ. ನಮ್ಮ ಅಕ್ಕಿ ತರಿಯ ಕಡುಬು ಕಡಂಬುಟ್ಟು ಉಂಡೆ ಕಟ್ಟಲು ಎರಡು ಅಂಗೈ ಬೇಕೇ ಬೇಕು, ಅಲ್ವಾ? ದುಡ್ಡಿದ್ದರೆ ಮೊದಲು ತಾಲ್ಲೂಕಿಗೊಬ್ಬ ಥೆರಪಿಸ್ಟ್ ಇರಲಿ.

ಯಾರಾದರೂ ಕ್ಯಾಮೆರಾ ಆಟದ ಸೆಟ್ ಕೊಂಡೇ ತೀರುತ್ತೇವೆ ಅಂದರೆ, ಮಗು ಈಗ ಅಂಗಿಯ ಗುಂಡಿ ಹಾಕಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಆಟದ ಪಾಯಿಂಟ್ ಬಿಟ್ಟು ಅದನ್ನೇ ಮತ್ತೆ ನೋಡಿ.