ಆಂಬುಲೆನ್ಸ್‌ನಲ್ಲಿ ಹೋದರೆ ಸರದಿ ಬೇಗ ಬರುತ್ತದೆಯೇ?

‘ಆಂಬುಲೆನ್ಸ್‌ನಲ್ಲಿ ಹೋದರೆ ಕಾಯುವ ಹಾಗಿಲ್ಲ, ಡಾಕ್ಟರು ತಕ್ಷಣ ನೋಡುತ್ತಾರೆ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ.

ತುರ್ತು ವಿಭಾಗದಲ್ಲಿ ಮೊದಲು ಟ್ರಯಾಜ್ ಮಾಡುತ್ತಾರೆ. ಅಂದರೆ ಉಸಿರಾಟ, ನಾಡಿ, ರಕ್ತದೊತ್ತಡ, ಪ್ರಜ್ಞೆ ನೋಡಿ ಯಾರ ಸ್ಥಿತಿ ಗಂಭೀರ ಎಂದು ತೀರ್ಮಾನಿಸುತ್ತಾರೆ. ಹಲವು ದೇಶಗಳಲ್ಲಿ ಇದಕ್ಕೆ 5 ಹಂತಗಳಿವೆ. ನೀವು ಯಾವ ಗಾಡಿಯಲ್ಲಿ ಬಂದಿರಿ ಎನ್ನುವುದು ಲೆಕ್ಕಕ್ಕಿಲ್ಲ. ಸಣ್ಣ ನೆಗಡಿಗೆ ಆಂಬುಲೆನ್ಸ್‌ನಲ್ಲಿ ಬಂದವರೂ ಹೊರಗೆ ಕಾಯಬೇಕು. ನಡೆದು ಬಂದವರಿಗೆ ಎದೆನೋವಿದ್ದರೆ ಅವರೇ ಮೊದಲು.

ಸುಮ್ನೆ ಕರೆದರೆ ಏನಾಗುತ್ತದೆ? ಆ ಗಾಡಿ ಅಷ್ಟು ಹೊತ್ತು ಬೇರೆಯವರಿಗೆ ಸಿಗುವುದಿಲ್ಲ. ಹೃದಯ ನಿಂತವರಿಗೆ ಎದೆ ಒತ್ತುವ ಸಿಪಿಆರ್, ವಿದ್ಯುತ್ ಶಾಕ್ ಸಿಗದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಯೋಚಿಸಿದರೆ ಭಯವಾಗುತ್ತದೆ, ಅಲ್ವಾ?

ಹಾಗಂತ ಹಿಂಜರಿಯಬೇಡಿ, ದಯವಿಟ್ಟು. ಎದೆ ಬಿಗಿತ, ಉಸಿರಾಟದ ತೊಂದರೆ, ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ನಿಲ್ಲದ ರಕ್ತಸ್ರಾವ, ಎಚ್ಚರ ತಪ್ಪುವುದು ಕಂಡರೆ ತಕ್ಷಣ ಕರೆಯಿರಿ. ಅನುಮಾನವಿದ್ದರೂ ಕರೆಯಿರಿ. ಲಕ್ಷಣಗಳನ್ನು ಇದ್ದ ಹಾಗೆ ಹೇಳಿ. ಗಾಡಿ ಬೇಗ ಬರಲಿ ಎಂದು ಜಾಸ್ತಿ ಮಾಡಿ ಹೇಳಬೇಡಿ.