ಸ್ಪಷ್ಟನೆ: 5 ಕಿಲೋವ್ಯಾಟ್ ಸೋಲಾರ್‌ಗೆ ಒಂದೂವರೆ ಲಕ್ಷ ಸಬ್ಸಿಡಿ ಇಲ್ಲ

‘ಕಿಲೋವ್ಯಾಟ್‌ಗೆ 30,000 ರೂಪಾಯಿಯಂತೆ 5 ಕಿಲೋವ್ಯಾಟ್‌ಗೆ 1,50,000 ಸಬ್ಸಿಡಿ, ಅದನ್ನು ಕಳೆದು ಉಳಿದದ್ದು ಕೊಟ್ಟರೆ ಸಾಕು’ ಎಂಬ ಸಂದೇಶ ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡು ಮಾತೂ ತಪ್ಪು.

ಮನೆಯ ಚಾವಣಿ ಮೇಲಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ ಮೊದಲ 2 ಕಿಲೋವ್ಯಾಟ್‌ವರೆಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ. ಒಟ್ಟು 78,000. ಅಲ್ಲಿಗೆ ಮುಗಿಯಿತು, 5 ಹಾಕಿಸಿದರೂ 10 ಹಾಕಿಸಿದರೂ ಅಷ್ಟೇ. ಈ ಹಣ ನೆಟ್ ಮೀಟರ್ (ಮನೆಗೆ ಬಂದ ಕರೆಂಟ್, ಹೊರಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತು, ಬೆಸ್ಕಾಂ ಪರಿಶೀಲನೆ ಮುಗಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಹಾಗಾಗಿ ಸಬ್ಸಿಡಿ ಕಳೆದು ತೋರಿಸಿದ ಕೊಟೇಶನ್ ನಂಬಬೇಡಿ, ಪೂರ್ತಿ ಬೆಲೆ ಬರೆಸಿಕೊಳ್ಳಿ.

ಕೊಟೇಶನ್‌ನಲ್ಲಿ ಮೊದಲು ನೋಡಬೇಕಾದದ್ದು ‘ಡಿಸಿಆರ್ ಪ್ಯಾನೆಲ್’ ಎಂಬ ಮಾತು, ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು. ಅಗ್ಗದ ಕೊಟೇಶನ್‌ಗಳಲ್ಲಿ ಇದೇ ಕಾಣೆಯಾಗಿರುತ್ತದೆ. ಇಲ್ಲದಿದ್ದರೆ ಸಬ್ಸಿಡಿಯೂ ಇಲ್ಲ. ಆಮೇಲೆ ಗುಣಿಸಿ ನೋಡಿ: 540 ವ್ಯಾಟ್‌ನ 6 ಪ್ಯಾನೆಲ್ ಎಂದರೆ 3.24 ಕಿಲೋವ್ಯಾಟ್. ಆದರೆ ಇನ್ವರ್ಟರ್ 2 ಕಿಲೋವ್ಯಾಟ್‌ನದಾದರೆ ಸಬ್ಸಿಡಿ ಲೆಕ್ಕ 2ಕ್ಕೇ, ಎರಡರಲ್ಲಿ ಕಡಿಮೆ ಇರುವುದೇ ಗಣನೆ. ಸ್ಟ್ಯಾಂಡ್‌ನ ಎತ್ತರ, ಅರ್ಥಿಂಗ್, ಕೇಬಲ್ ಉದ್ದ, ನೆಟ್ ಮೀಟರ್ ಖರ್ಚು ಯಾರದ್ದು ಎಂಬುದೂ ಕಾಗದದಲ್ಲಿರಲಿ.

ಕರೆಂಟ್ ಬಿಲ್‌ನ ಆರ್.ಆರ್. ಸಂಖ್ಯೆ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ (ನಮ್ಮ ಕಡೆ ಇದು ಮಾಮೂಲು) ಅರ್ಜಿಗೆ ಮೊದಲೇ ಬೆಸ್ಕಾಂ ಉಪವಿಭಾಗದಲ್ಲಿ ಹೆಸರು ಬದಲಿಸಿಕೊಳ್ಳಿ.

ಬ್ಯಾಟರಿ ಇಲ್ಲದ ಆನ್-ಗ್ರಿಡ್ (ಬೆಸ್ಕಾಂ ಲೈನ್‌ಗೆ ಜೋಡಿಸಿದ) ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂದು.