ನೀರಲ್ಲಿ ಸುಮ್ನೆ ಕೂರುವ ಭತ್ತ

'ನೆರೆಗೆ ಜಗ್ಗದ ಹೊಸ ಭತ್ತ' ಅಂತ ಸುದ್ದಿ ಬಂದಾಗಲೆಲ್ಲ ನಾನು ಇಳುವರಿ ಎಷ್ಟು ಅಂತ ನೋಡುವುದಿಲ್ಲ. ಯಾವ ಹಳೇ ತಳಿಯಿಂದ ಮಾಡಿದ್ದು ಅಂತ ಮೊದಲು ಹುಡುಕುತ್ತೇನೆ. ಎರಡೆಕರೆ ಗದ್ದೆಯವನಿಗೆ ಒಂದು ಬೆಳೆ ಕೈಕೊಟ್ಟರೆ ವರ್ಷದ ಊಟವೇ ಹೋಯಿತು. ಗೊತ್ತಿಲ್ಲದ ಬೀಜ ಬಿತ್ತಲು ಅವನಿಗೆ ಧೈರ್ಯ ಎಲ್ಲಿಂದ ಬರಬೇಕು?

ನೆರೆ ತಾಳುವ ಸ್ವರ್ಣ-ಸಬ್1 ಅನ್ನುವ ಭತ್ತ ಗೆದ್ದದ್ದು ಇಲ್ಲೇ. ಆಂಧ್ರದ ಮಾರುಟೇರು ಕೇಂದ್ರದಲ್ಲಿ ಹುಟ್ಟಿದ ಸ್ವರ್ಣ, ಒಡಿಶಾ, ಬಂಗಾಳದ ತಗ್ಗು ಗದ್ದೆಗಳಲ್ಲಿ ಮೊದಲೇ ಮನೆಮಾತಾಗಿತ್ತು. ಅದಕ್ಕೆ ಒಂದೇ ಒಂದು ಗುಣ ಸೇರಿಸಿದರು, ಮುಳುಗಿದರೂ ಬದುಕುವುದು. ಆ ಗುಣ ಬಂದದ್ದೂ ಎಫ್‌ಆರ್13ಎ ಅನ್ನುವ ತಳಿಯಿಂದ. ಅದರ ಮೂಲ ಒಡಿಶಾದ ರೈತರ ಹಳೇ ಭತ್ತ. ಇದು ಕುಲಾಂತರಿ ಅಲ್ಲ. ಕ್ರಾಸ್ ಮಾಡಿ, ಡಿಎನ್‌ಎ ಗುರುತು ನೋಡಿ ಆರಿಸಿದ್ದು. ನಮ್ಮ ದೇಶದಲ್ಲಿ ಬಿಡುಗಡೆಯಾದದ್ದು 2009ರಲ್ಲಿ.

ಇದರ ಉಪಾಯ ನನಗೆ ಬಹಳ ಇಷ್ಟ. ಬೇರೆ ಭತ್ತ ಮುಳುಗಿದರೆ ಗಾಬರಿಬಿದ್ದು ಮೇಲಕ್ಕೆ ಚಾಚುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಖಾಲಿ. ನೀರು ಇಳಿಯುವಷ್ಟರಲ್ಲಿ ಮಲಗಿಬಿಟ್ಟಿರುತ್ತದೆ. ಇದು ಹಾಗಲ್ಲ, ಬೆಳೆಯುವುದನ್ನೇ ನಿಲ್ಲಿಸಿ ಸುಮ್ನೆ ಕೂರುತ್ತದೆ. ಸುಮಾರು ಎರಡು ವಾರ! ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ನೆರೆ ಬಾರದ ವರ್ಷ ಹೆಚ್ಚುಕಮ್ಮಿ ಸ್ವರ್ಣದಷ್ಟೇ ಇಳುವರಿ. ತಿಂಗಳುಗಟ್ಟಲೆ ನೀರು ನಿಂತರೆ ಇದೂ ಉಳಿಯುವುದಿಲ್ಲ, ಅದು ಬೇರೆ ಮಾತು.

ಹಾಗಂತ ಒಳ್ಳೇ ಬೀಜ ಕೊಟ್ಟರೆ ಮುಗಿಯಿತು ಅನ್ನುವವರನ್ನು ನಮ್ಮ ಅಘನಾಶಿನಿ ಹೊಳೆಯ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ಕರೆದುಕೊಂಡು ಹೋಗಬೇಕು. ಕುಮಟಾದ ಮಾಣಿಕಟ್ಟಾ ಕಡೆ ಬೆಳೆಯುವ ಕಗ್ಗ ಅನ್ನುವ ಹಳೇ ಭತ್ತ ನೆರೆಯನ್ನೂ ತಾಳುತ್ತದೆ, ಉಪ್ಪುನೀರನ್ನೂ ತಾಳುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಆದರೂ ಕಗ್ಗದ ಗದ್ದೆ ಕಮ್ಮಿಯಾಗುತ್ತಲೇ ಬಂತು. ಬೀಜದ ತಪ್ಪೇನೂ ಇಲ್ಲ. ಊರವರೆಲ್ಲ ಸೇರಿ ಕಟ್ಟುತ್ತಿದ್ದ ಮಣ್ಣಿನ ಒಡ್ಡು ನೋಡಿಕೊಳ್ಳಲು ಈಗ ಜನ ಇಲ್ಲ. ಕೆಸರಲ್ಲಿ ಇಳಿದು ಕೊಯ್ಯುವುದಕ್ಕಿಂತ ಸಿಗಡಿಗೆ ಗದ್ದೆ ಬಿಟ್ಟರೆ ಕೈಗೆ ಕಾಸು ಬರುತ್ತದೆ. ಯಾರನ್ನು ಬೈಯುವುದು? ಅದರಲ್ಲೂ ಗಜನಿ ಒಬ್ಬನ ಬೇಸಾಯ ಅಲ್ಲ. ಸುತ್ತಲಿನವರು ಬಿಟ್ಟರೆ ಉಳಿದ ಒಂದು ಗದ್ದೆಗೇ ಹಕ್ಕಿಗಳೆಲ್ಲ ಬಂದು ಬೀಳುತ್ತವೆ.

ಹೊಸ ತಳಿ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಆದರೆ ತಳಿಗೆ ಹಾಕುವ ದುಡ್ಡಲ್ಲಿ ಸ್ವಲ್ಪ ಒಡ್ಡಿಗೂ, ಅಕ್ಕಿಯ ಬೆಲೆಗೂ ಹೋಗಲಿ ಅಲ್ವಾ?

ಮೊನ್ನೆ ಮಾವನಿಗೆ ಫೋನ್ ಮಾಡಿ ಐದು ಕೇಜಿ ಕಗ್ಗದ ಅಕ್ಕಿ ಕೇಳಿದೆ. "ಬೀಜಕ್ಕೆ ಇಟ್ಟದ್ದು ಬಿಟ್ರೆ ಮನೆಗೇ ಇಲ್ಲ ಮಾರಾಯ" ಅಂದರು.